ಒಂದೇ ಸ್ಟೇಷನ್‌ನಲ್ಲಿ ಎರಡು ರಿಗ್: ಬ್ಯಾಂಡ್‌ಪಾಸ್ ಫಿಲ್ಟರ್ ಸೆಟ್ ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಒಂದು ಹ್ಯಾಮ್ (ಹವ್ಯಾಸಿ ರೇಡಿಯೋ) ಸ್ಟೇಷನ್‌ನಲ್ಲಿ ಎರಡು ರಿಗ್ (ಕಳಿಸುವ, ಕೇಳುವ ರೇಡಿಯೋ ಸೆಟ್) ಒಟ್ಟಿಗೆ ಓಡಿಸುವವರಿಗೆ, ಒಂದು ಬ್ಯಾಂಡನ್ನು ಮಾತ್ರ ದಾಟಲು ಬಿಟ್ಟು ಉಳಿದದ್ದನ್ನು ತಡೆಯುವ ಈ ಬ್ಯಾಂಡ್‌ಪಾಸ್ ಫಿಲ್ಟರ್ ಬೇಕೇ ಬೇಕು, ಆದರೆ ಒಂದು ಸೆಟ್ ತಗೊಂಡರೆ ಸಾಲದು. ಎರಡೂ ರಿಗ್‌ಗಳಿಗೆ ಒಂದೊಂದು ಬೇಕು. ಒಂದೇ ತಗೊಂಡು "ಏನೂ ಪ್ರಯೋಜನ ಆಗಲಿಲ್ಲ" ಅನ್ನುವವರನ್ನು ಸುಮಾರು ನೋಡಿದ್ದೇನೆ.

ನನ್ನ ಹತ್ತಿರ ಇರುವುದು 160, 80, 40, 20, 15, 10 ಮೀಟರ್ ಬ್ಯಾಂಡ್‌ಗಳಿಗೆ ಒಂದೊಂದು ಫಿಲ್ಟರ್ ಇರುವ, 200 ವ್ಯಾಟ್ ತಾಳಿಕೊಳ್ಳುವ ಪೆಟ್ಟಿಗೆ (40 ಅಂದರೆ 7 ಮೆಗಾಹರ್ಟ್ಸ್, 20 ಅಂದರೆ 14, 15 ಅಂದರೆ 21, 10 ಅಂದರೆ 28). ರಿಗ್ ಮತ್ತು ಆಂಟೆನಾ ನಡುವೆ ಕೂರುತ್ತದೆ. ಲೀನಿಯರ್ (ಪವರ್ ಹೆಚ್ಚಿಸುವ ಆಂಪ್ಲಿಫೈಯರ್) ಇದ್ದರೆ ರಿಗ್ ಮತ್ತು ಲೀನಿಯರ್ ನಡುವೆ. ರಿಗ್‌ನ ಬ್ಯಾಂಡ್ ಡೇಟಾ (ಯಾವ ಬ್ಯಾಂಡ್‌ನಲ್ಲಿದೆ ಅನ್ನುವ ಸಂಕೇತ) ಓದಿಕೊಂಡು ಒಳಗಿನ ರಿಲೇ ಫಿಲ್ಟರನ್ನು ತಾನೇ ಬದಲಾಯಿಸುತ್ತದೆ. ಕೈಯಲ್ಲಿ ತಿರುಗಿಸುವ ಮಾಡೆಲ್ ದಯವಿಟ್ಟು ತಗೊಳ್ಳಬೇಡಿ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ 40ರ ಫಿಲ್ಟರ್‌ನಲ್ಲೇ ಬಿಟ್ಟು 20ರಲ್ಲಿ ಕೀ ಒತ್ತಿದರೆ (ಸಿಗ್ನಲ್ ಕಳಿಸಿದರೆ) ಪವರ್ ಪೂರ್ತಿ ವಾಪಸ್ ಬರುತ್ತದೆ, ಕೆಪಾಸಿಟರ್ ಹೋಗಬಹುದು.

ಯಾಕೆ ಎರಡು ಬೇಕು ಅನ್ನೋದನ್ನು ಲೆಕ್ಕದಲ್ಲೇ ನೋಡೋಣ. ಪಕ್ಕದ ಮೇಜಿನಲ್ಲಿ ಗೆಳೆಯ 7.030 ಮೆಗಾಹರ್ಟ್ಸ್‌ನಲ್ಲಿ 100 ವ್ಯಾಟ್ ಸಿಡಬ್ಲ್ಯೂ (ಮೋರ್ಸ್) ಕಳಿಸುತ್ತಿದ್ದಾನೆ, ನಾನು 14.060ರ ಹತ್ತಿರ ಕೇಳುತ್ತಿದ್ದೇನೆ ಅಂದುಕೊಳ್ಳಿ. 100 ವ್ಯಾಟ್ ಅಂದರೆ +50 ಡಿಬಿಎಂ (1 ಮಿಲಿವ್ಯಾಟ್ ಅಂದರೆ 0 ಡಿಬಿಎಂ, ಪ್ರತಿ 10 ಡಿಬಿಗೆ ಪವರ್ ಹತ್ತು ಪಟ್ಟು). ಅವನ ಎರಡನೇ ಹಾರ್ಮೋನಿಕ್ (ಫ್ರೀಕ್ವೆನ್ಸಿಯ ಎರಡರಷ್ಟರಲ್ಲಿ, ಅಂದರೆ 14.060ರಲ್ಲಿ ಬರುವ ಬೇಡದ ಸಿಗ್ನಲ್) 50 ಡಿಬಿ ಕೆಳಗಿದ್ದರೂ 1 ಮಿಲಿವ್ಯಾಟ್ ಉಳಿಯಿತು. ಎರಡು ಆಂಟೆನಾಗಳ ನಡುವೆ 30 ಡಿಬಿ ಕಳೆದರೂ ನನ್ನ ರಿಸೀವರ್‌ಗೆ −30 ಡಿಬಿಎಂ ಬರುತ್ತದೆ. ರಿಸೀವರ್ ಮೀಟರ್‌ನಲ್ಲಿ ಜೋರಾದ ಸಿಗ್ನಲ್‌ನ ಗುರುತಾದ ಎಸ್9 ಅಂದರೆ −73 ಡಿಬಿಎಂ ಅಲ್ವಾ, ಅಲ್ಲಿಗೆ ಮೀಟರ್ ಮುಳ್ಳು ಎಸ್9 ಮೇಲೆ 40 ದಾಟಿ ಹೋಗಿರುತ್ತದೆ. ಇದು ನಾನು ಕೇಳುವ ಫ್ರೀಕ್ವೆನ್ಸಿಯಲ್ಲೇ ಬಂದು ಕೂತ ಸಿಗ್ನಲ್, ನನ್ನ ಕಡೆ ಎಂಥ ಫಿಲ್ಟರ್ ಹಾಕಿದರೂ ಹೋಗುವುದಿಲ್ಲ. ಅವನ ಕಡೆಯೇ ತಡೆಯಬೇಕು.

ಇನ್ನೊಂದು ತೊಂದರೆ ಅವನ ಮೂಲ 7.030 ಸಿಗ್ನಲ್. ಅದೇ 30 ಡಿಬಿ ಕಳೆದರೂ +20 ಡಿಬಿಎಂ, ಅಂದರೆ 100 ಮಿಲಿವ್ಯಾಟ್ ನೇರವಾಗಿ ನನ್ನ ರಿಸೀವರ್ ಬಾಗಿಲಿಗೆ. ಮೈಕ್ರೋವೋಲ್ಟ್ ಕೇಳೋಕೆ ಮಾಡಿದ ಸರ್ಕ್ಯೂಟ್ ಅದು. ಅವನು ಕೀ ಒತ್ತಿದಾಗಲೆಲ್ಲ ನನ್ನ ಬ್ಯಾಂಡ್ ಕಿವುಡಾಗುತ್ತದೆ. ಇದನ್ನು ಅವನ ಫಿಲ್ಟರ್ ತಡೆಯಲಾರದು, ನನ್ನ 20 ಮೀಟರ್ ಫಿಲ್ಟರ್ ತಡೆಯಬೇಕು. ಹಾಗಾಗಿ ಎರಡೂ ಕಡೆ ಬೇಕು.

ಹಾಕಿದ ಮೇಲೆ ಏನಾಯಿತು? ಕಿವುಡಾಗುವುದು ಪೂರ್ತಿ ನಿಂತಿತು. ಅದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. 20ರಲ್ಲಿ ಒಬ್ಬರು 15ರಲ್ಲಿ ಒಬ್ಬರು ಇದ್ದಾಗಂತೂ ಪಕ್ಕದಲ್ಲಿ ಇನ್ನೊಂದು ರಿಗ್ ಇದೆ ಅನ್ನೋದೇ ಮರೆತುಹೋಗುತ್ತದೆ. ಆದರೆ 40ರಿಂದ 20ಕ್ಕೆ ಬರುವ ಹಾರ್ಮೋನಿಕ್ ಉಳಿಯಿತು. ಅವನ ಕಡೆ ಹಾಕಿದ 40ರ ಫಿಲ್ಟರ್ 14 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಡಿಬಿ ತಡೆಯುತ್ತದೆ, ನ್ಯಾನೋವಿಎನ್‌ಎ (ಫಿಲ್ಟರ್, ಕೇಬಲ್ ಅಳೆಯುವ ಸಣ್ಣ ಉಪಕರಣ) ಇಟ್ಟು ಅಳೆದಿದ್ದೇನೆ. −30ರಿಂದ 50 ಇಳಿಸಿ, −80 ಆಯಿತು. ಅದು ಎಸ್8ರ ಹತ್ತಿರ! ಸಣ್ಣ ಸ್ಟೇಷನ್ ಯಾವುದಾದರೂ ಅದರ ಮೇಲೇ ಕರೆದರೆ ಸಿಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬಂದದ್ದು ಏಳು ಮೀಟರ್ ಕೋಆಕ್ಸ್ ತುಂಡು. 0.66 ವೆಲಾಸಿಟಿ ಫ್ಯಾಕ್ಟರ್‌ನ (ಸಿಗ್ನಲ್ ಬೆಳಕಿನ ವೇಗದ 0.66ರಷ್ಟರಲ್ಲಿ ಓಡುವ) ಕೇಬಲ್ ಆದರೆ 7.05 ಮೆಗಾಹರ್ಟ್ಸ್‌ಗೆ ಕಾಲು ತರಂಗ ಅಂದರೆ 7.02 ಮೀಟರ್. ಒಂದು ತುದಿ ಶಾರ್ಟ್ ಮಾಡಿ (ಒಳಗಿನ ತಂತಿ, ಹೊರಗಿನ ಜಾಲರಿ ಸೇರಿಸಿ), ಇನ್ನೊಂದು ತುದಿಯನ್ನು ಟಿ ಕನೆಕ್ಟರ್‌ನಲ್ಲಿ ಗೆಳೆಯನ 40ರ ಲೈನ್‌ಗೆ ಸೇರಿಸಿ. 7ರಲ್ಲಿ ಆ ತುಂಡು ಇದೆ ಅಂತಲೇ ಲೈನ್‌ಗೆ ಗೊತ್ತಾಗುವುದಿಲ್ಲ. 14ರಲ್ಲಿ ಅದೇ ತುಂಡು ಅರ್ಧ ತರಂಗ, ಹಾಗಾಗಿ ಲೈನನ್ನೇ ಶಾರ್ಟ್ ಮಾಡುತ್ತದೆ. 28ರಲ್ಲೂ ಅಷ್ಟೇ. ಸ್ಟಬ್ ಅನ್ನುವ ಇಂಥ ಒಂದು ತುಂಡಿನಿಂದ ನನಗೆ 25 ಡಿಬಿ ಸಿಕ್ಕಿತು, ಹಾರ್ಮೋನಿಕ್ −105ಕ್ಕೆ ಇಳಿದು ಬ್ಯಾಂಡ್ ನಾಯ್ಸ್ ಒಳಗೆ ಮುಳುಗಿತು. ಕತ್ತರಿಸುವಾಗ ಸ್ವಲ್ಪ ಉದ್ದ ಬಿಟ್ಟು, ವಿಎನ್‌ಎ ನೋಡುತ್ತಾ ಒಂದೊಂದು ಸೆಂಟಿಮೀಟರ್ ಕಡಿಮೆ ಮಾಡುತ್ತಾ ಬನ್ನಿ. ಲೈನ್‌ನಲ್ಲಿ ಸ್ಟಬ್ ಕೂರುವ ಜಾಗವೂ ಮುಖ್ಯ. ಅಷ್ಟು ತಡೆ ಸಿಗದಿದ್ದರೆ ಫಿಲ್ಟರ್ ಮತ್ತು ಸ್ಟಬ್ ನಡುವೆ ಒಂದೆರಡು ಮೀಟರ್ ಕೇಬಲ್ ಸೇರಿಸಿ ನೋಡಿ.

ಆದರೆ ಈ ಸ್ಟಬ್ 21ರಲ್ಲಿ ಏನೂ ಮಾಡುವುದಿಲ್ಲ, 40ರ ಮೂರನೇ ಹಾರ್ಮೋನಿಕ್ ಬೀಳುವುದು ಅಲ್ಲೇ. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಉದ್ದದ ಕೇಬಲ್ ಸಾಕು. ಒಂದು ತುದಿ ಶಾರ್ಟ್, ಇನ್ನೊಂದು ತುದಿ ಓಪನ್. ಓಪನ್ ತುದಿಯಿಂದ ಮೂರನೇ ಒಂದು ಭಾಗದಲ್ಲಿ, ಅಂದರೆ ಸುಮಾರು 2.35 ಮೀಟರ್‌ನಲ್ಲಿ ಟಿ ಹಾಕಿ. 21ರಲ್ಲಿ ಎರಡೂ ತುಂಡು ಲೈನನ್ನು ಶಾರ್ಟ್ ಮಾಡುತ್ತವೆ, 7ರಲ್ಲಿ ಒಂದರ ಪ್ರಭಾವವನ್ನು ಇನ್ನೊಂದು ರದ್ದು ಮಾಡುತ್ತದೆ. ಎಷ್ಟು ಚೆನ್ನಾದ ಉಪಾಯ ಅಲ್ವಾ! ಲೀನಿಯರ್ ಬಳಸುವವರಿಗೆ ಸ್ಟಬ್ ಇನ್ನೂ ಮುಖ್ಯ, ಯಾಕೆಂದರೆ ಲೀನಿಯರ್ ತಾನೇ ಹುಟ್ಟಿಸುವ ಹಾರ್ಮೋನಿಕ್ಕನ್ನು ಅದರ ಹಿಂದೆ ಕೂತ ಈ ಪೆಟ್ಟಿಗೆ ಮುಟ್ಟಲಾರದು.

ಫಿಲ್ಟರ್, ಸ್ಟಬ್ ಎರಡೂ ಹಾಕಿದ ಮೇಲೂ ಹಾರ್ಮೋನಿಕ್ ಒಂದಿಷ್ಟೂ ಕಡಿಮೆ ಆಗದಿದ್ದರೆ ಅದು ರಿಗ್‌ನಿಂದ ಲೈನ್ ಮೂಲಕ ನೇರವಾಗಿ ಬರುತ್ತಿಲ್ಲ. ಹೊರಗೆ ತುಕ್ಕು ಹಿಡಿದ ಕ್ಲ್ಯಾಂಪ್, ಸಡಿಲವಾದ ಗೈ ವೈರ್ ಡಯೋಡ್ ಥರ ಕೆಲಸ ಮಾಡುತ್ತಿರಬಹುದು. ಕೋಆಕ್ಸ್‌ನ ಹೊರಮೈ ಮೇಲೆ ಹರಿದು ಫಿಲ್ಟರ್ ಒಳಗೆ ಹೋಗದೆ ಅದರ ಹೊರಗಿನಿಂದಲೇ ದಾಟಿಹೋಗುವ ಕರೆಂಟೂ ಇರುತ್ತದೆ, ಅದಕ್ಕೆ ಮಿಕ್ಸ್ 31 ಫೆರೈಟ್ ರಿಂಗ್ ಮೇಲೆ ಕೇಬಲ್ ಸುತ್ತಿದ ಚೋಕ್ ಹಾಕಿ. ಒಂದು ರಿಗ್ಗನ್ನು ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಕೊಟ್ಟು ಕಳಿಸಿ ನೋಡಿ. ಆಗಲೂ ಇನ್ನೊಂದರಲ್ಲಿ ಜೋರಾಗಿ ಕೇಳಿದರೆ ಪವರ್ ಸಪ್ಲೈ ವೈರ್, ಕಂಪ್ಯೂಟರ್ ಕೇಬಲ್ ಕಡೆ ಹುಡುಕಿ.

ಬಾಳಿಕೆ ಬಗ್ಗೆ. ಫಿಲ್ಟರ್‌ನಲ್ಲಿ ಅರ್ಧ ಡಿಬಿ ನಷ್ಟ ಇದೆ, 100 ವ್ಯಾಟ್ ಕೊಟ್ಟರೆ ಸುಮಾರು 11 ವ್ಯಾಟ್ ಪೆಟ್ಟಿಗೆಯಲ್ಲೇ ಬಿಸಿಯಾಗಿ ಹೋಗುತ್ತದೆ. ಸಿಡಬ್ಲ್ಯೂ, ಎಸ್‌ಎಸ್‌ಬಿಗೆ (ಮಾತಿಗೆ) ಏನೂ ಚಿಂತೆ ಇಲ್ಲ. ಬಿಡುವಿಲ್ಲದೆ ಪೂರ್ತಿ ಪವರ್ ಹೋಗುವ ಆರ್‌ಟಿಟಿವೈ, ಎಫ್‌ಟಿ8 ಥರದ ಡಿಜಿಟಲ್ ವಿಧಾನ ಜಾಸ್ತಿ ಮಾಡಿದರೆ ಮುಚ್ಚಳ ಬೆಚ್ಚಗಾಗುತ್ತದೆ, ನಾನು ಆಗ ಪವರ್ ಅರ್ಧಕ್ಕೆ ಇಳಿಸುತ್ತೇನೆ. ಫಿಲ್ಟರ್‌ಗೆ 50 ಓಮ್ ಲೋಡ್ ಸಿಗಲೇಬೇಕು. ಆಂಟೆನಾ ಮ್ಯಾಚ್ ಸರಿಯಿಲ್ಲದಿದ್ದರೆ ರಿಗ್ ಒಳಗಿನ ಟ್ಯೂನರ್ (ಮ್ಯಾಚ್ ಸರಿಮಾಡುವ ಸರ್ಕ್ಯೂಟ್) ನಂಬಬೇಡಿ, ಅದು ಫಿಲ್ಟರ್‌ನ ಹಿಂದೆ ಇರುತ್ತದೆ. ಫಿಲ್ಟರ್ ದಾಟಿದ ಮೇಲೆ ಹೊರಗಿನ ಟ್ಯೂನರ್ ಇಡಿ. ಇಷ್ಟು ಕಾಲದಲ್ಲಿ ಕೆಟ್ಟದ್ದು ಒಂದೇ, 15 ಮೀಟರ್ ರಿಲೇ. ರಿಸೀವ್ ಮಂಕಾಗಿ, ಒಮ್ಮೆ ಕೀ ಒತ್ತಿದರೆ ಸರಿಹೋಗುತ್ತಿತ್ತು. ಕಾಂಟ್ಯಾಕ್ಟ್ ಮಬ್ಬಾಗಿತ್ತು, ಹೊಸ ರಿಲೇ ಬೆಸುಗೆ ಹಾಕಿದೆ.

ಒಂದೇ ಬ್ಯಾಂಡ್‌ನಲ್ಲಿ ಎರಡು ರಿಗ್ ಓಡಿಸೋಕೆ ಇದನ್ನು ಕೊಳ್ಳಬೇಡಿ, ಅಲ್ಲಿ ಟ್ರಾನ್ಸ್‌ಮಿಟರ್‌ನ ಫೇಸ್ ನಾಯ್ಸ್ (ಸಿಗ್ನಲ್‌ನ ಅಕ್ಕಪಕ್ಕ ಹರಡುವ ಸದ್ದು) ನೇರವಾಗಿ ಬರುತ್ತದೆ. ಆಂಟೆನಾ ದೂರ ಇಡುವುದು, ಒಂದನ್ನು ಲಂಬ ಇನ್ನೊಂದನ್ನು ಅಡ್ಡ ಹಾಕುವುದು, ಇಷ್ಟೇ ದಾರಿ. 30, 17, 12 ಮೀಟರ್‌ಗೆ ಈ ಸೆಟ್‌ನಲ್ಲಿ ಫಿಲ್ಟರ್ ಇಲ್ಲ, ಬೈಪಾಸ್ ಆಗುತ್ತದೆ. ಕಾಂಟೆಸ್ಟ್‌ಗೆ (ಹ್ಯಾಮ್ ಸ್ಪರ್ಧೆಗೆ) ಅವು ಬೇಕಿಲ್ಲ, ಡಿಎಕ್ಸ್‌ಪೆಡಿಷನ್‌ಗೆ (ಅಪರೂಪದ ಜಾಗಕ್ಕೆ ಹೋಗಿ ಸ್ಟೇಷನ್ ನಡೆಸೋಕೆ) ಹೊರಡುವವರು ಮಾತ್ರ ಆ ಬ್ಯಾಂಡ್‌ಗಳೂ ಇರುವ ಸೆಟ್ ಹುಡುಕಿ.