ಘಟ್ಟ ಹತ್ತುವ ಲಾರಿ, ಮಳೆ ತಾಳದ ಸೆನ್ಸರ್

ಅಂಕೋಲಾದಿಂದ ಯಲ್ಲಾಪುರ ಮಾರ್ಗವಾಗಿ ಹುಬ್ಬಳ್ಳಿಗೆ ಓಡುವ ಲಾರಿಗೆ ಅರಬೈಲು ಘಟ್ಟಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿಲ್ಲ. ಆ ಪರೀಕ್ಷೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಹಿಂದಿನ ಆಕ್ಸಲಿನ ಹೌಸಿಂಗು ಎಲ್ಲವೂ ಪಾಸಾಗಿ, ಸೈಲೆನ್ಸರಿನ ಕೊಳವೆಯಲ್ಲಿ ಕೂತ ಒಂದು ಚಿಕ್ಕ ಸೆನ್ಸರ್ ಮಾತ್ರ ಮತ್ತೆ ಮತ್ತೆ ಕೈಕೊಡುತ್ತಿರುವ ಬಿಎಸ್-6 (ಭಾರತ್ ಸ್ಟೇಜ್-6 ಎಂಬ ಹೊಗೆ ಮಿತಿಯ ಮಾನದಂಡದ) ಲಾರಿಯೊಂದರ ವಿಮರ್ಶೆ ಇದು. ಇದೇ ಮಾದರಿಯ ಲಾರಿಗಳನ್ನಿಟ್ಟುಕೊಂಡಿರುವ ಕಾರವಾರ, ಅಂಕೋಲಾ ಮತ್ತು ಯಲ್ಲಾಪುರದ ಮಾಲೀಕರು ಒಟ್ಟಾಗಿ ತಯಾರಕ ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸಿದ್ದೇವೆ. ಅದು ಇನ್ನೂ ಮುಗಿದಿಲ್ಲವಾದ್ದರಿಂದ ಕಂಪನಿಯ ಹೆಸರನ್ನಾಗಲಿ, ಷೋರೂಮಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಈ ಲಾರಿಯನ್ನು ಓಡಿಸುತ್ತಿರುವವರಿಗೆ ಮುಂದಿನ ವಿವರಗಳಿಂದಲೇ ಗುರುತು ಸಿಕ್ಕೀತು.

ಒಳ್ಳೆಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಒಟ್ಟು ತೂಕ 28 ಟನ್ ಮಿತಿಯ ಈ ಹತ್ತು ಚಕ್ರದ ಗಾಡಿ ಪೂರ್ತಿ ಲೋಡಿನಲ್ಲಿಯೂ ಘಟ್ಟದ ತಿರುವುಗಳನ್ನು ಏದುಸಿರಿಲ್ಲದೆ ಹತ್ತುತ್ತದೆ. ಇಳಿಯುವಾಗ ಎಕ್ಸಾಸ್ಟ್ ಬ್ರೇಕು (ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಬ್ರೇಕು) ಚೆನ್ನಾಗಿ ಹಿಡಿಯುವುದರಿಂದ ಡ್ರಮ್ಮುಗಳು ಕಾದು ವಾಸನೆ ಬರುವುದಿಲ್ಲ. ಕ್ಯಾಬಿನ್ನಿನಲ್ಲಿ ಚಾಲಕನಿಗೆ ಕಾಲು ಚಾಚಿ ಮಲಗುವಷ್ಟು ಜಾಗವಿದೆ. ಚಾಸಿಗೆ ಕೊಟ್ಟಿರುವ ಬಣ್ಣ ಸಮುದ್ರದ ಉಪ್ಪುಗಾಳಿಗೆ ಇಷ್ಟು ದಿನ ತಡೆದುಕೊಂಡಿದೆ. ಡೀಸೆಲ್ ಲೆಕ್ಕದಲ್ಲಿಯೂ ದೂರುವಂಥದ್ದು ಏನಿಲ್ಲ.

ತಕರಾರು ಇರುವುದು ಹೊಗೆ ಶುದ್ಧ ಮಾಡುವ ವ್ಯವಸ್ಥೆಯಲ್ಲಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಜಾರಿಯಾದಾಗ ಭಾರಿ ವಾಹನಗಳ ಎಂಜಿನ್ ಹೊರಬಿಡಬಹುದಾದ ನೈಟ್ರೋಜನ್ ಆಕ್ಸೈಡಿನ ಮಿತಿ ಪ್ರತಿ ಕಿಲೋವಾಟ್ ಗಂಟೆಗೆ 3.5 ಗ್ರಾಮಿನಿಂದ ಅರ್ಧ ಗ್ರಾಮಿಗಿಂತಲೂ ಕೆಳಗೆ ಇಳಿಯಿತು. ಇದನ್ನು ಸಾಧಿಸಲು ನಾವೆಲ್ಲ ಯೂರಿಯಾ ಎಂದು ಕರೆಯುವ, ಶೇ 32.5ರಷ್ಟು ಯೂರಿಯಾ ಮತ್ತು ಉಳಿದಂತೆ ಖನಿಜಾಂಶ ತೆಗೆದ ನೀರಿರುವ ದ್ರಾವಣವನ್ನು ಬಿಸಿ ಹೊಗೆಗೆ ಸಿಂಪಡಿಸಲಾಗುತ್ತದೆ. ಅದರಿಂದ ಹುಟ್ಟುವ ಅಮೋನಿಯಾ, ಸೈಲೆನ್ಸರಿನ ಕೊಳವೆಯಲ್ಲಿ ಈ ಕ್ರಿಯೆ ನಡೆಸುವ ಕ್ಯಾಟಲಿಸ್ಟಿನೊಳಗೆ ನೈಟ್ರೋಜನ್ ಆಕ್ಸೈಡನ್ನು ಸಾಧಾರಣ ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಕೆಲಸ ಸರಿಯಾಗಿ ನಡೆದಿದೆಯೇ ಎಂದು ಅಳೆಯಲು ಕ್ಯಾಟಲಿಸ್ಟಿನ ಮುಂದೊಂದು, ಹಿಂದೊಂದು ನಾಕ್ಸ್ (ನೈಟ್ರೋಜನ್ ಆಕ್ಸೈಡ್) ಸೆನ್ಸರ್ ಇರುತ್ತವೆ. ನಮ್ಮ ಲಾರಿಗಳಲ್ಲಿ ಪದೇ ಪದೇ ಸಾಯುತ್ತಿರುವುದು ಈ ಹಿಂದಿನದು.

ಸೆನ್ಸರ್ ಕೆಟ್ಟರೆ ಎಂಜಿನ್ ಕೆಡುವುದಿಲ್ಲ, ಆದರೆ ಕೆಟ್ಟಂತೆಯೇ ಆಗುತ್ತದೆ. ಮೊದಲು ಮೀಟರಿನಲ್ಲಿ ಚೆಕ್ ಲೈಟು ಹೊತ್ತುತ್ತದೆ. ಅದನ್ನು ಸರಿಪಡಿಸದೆ ಓಡಿಸುತ್ತ ಹೋದರೆ, ಹೊಗೆಯ ಲೆಕ್ಕ ಸಿಗದ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಇಳಿಸುತ್ತದೆ, ಕೊನೆಗೆ ಗಾಡಿಯನ್ನು ತೆವಳುವ ವೇಗಕ್ಕೆ ತಂದು ನಿಲ್ಲಿಸುತ್ತದೆ. ಮಾಲಿನ್ಯ ವ್ಯವಸ್ಥೆಯನ್ನು ಯಾರೂ ಕಡೆಗಣಿಸಬಾರದೆಂಬ ಕಾರಣಕ್ಕೆ ನಿಯಮವೇ ಹೀಗಿದೆ, ಅದರ ಬಗ್ಗೆ ನಮ್ಮ ವಿರೋಧವಿಲ್ಲ. ಬಯಲುಸೀಮೆಯ ನಾಲ್ಕು ಪಥದ ರಸ್ತೆಯಲ್ಲಿ ಇದು ತಡವಾಗುವ ತಾಪತ್ರಯವಷ್ಟೇ ಆದೀತು, ಆದರೆ ಮಳೆಗಾಲದ ರಾತ್ರಿ, ಮಂಜು ಕವಿದ ಅರಬೈಲಿನ ಏರಿನಲ್ಲಿ, ಲೋಡು ತುಂಬಿದ ಲಾರಿ ಇದ್ದಕ್ಕಿದ್ದಂತೆ ಪಿಕಪ್ ಕಳೆದುಕೊಂಡು ನಡಿಗೆಯ ವೇಗಕ್ಕೆ ಇಳಿದರೆ, ಹಿಂದೆ ಸಾಲುಗಟ್ಟಿದವರು ತಾಳ್ಮೆಗೆಟ್ಟು ತಿರುವಿನಲ್ಲಿಯೇ ಓವರ್‌ಟೇಕ್ ಮಾಡುತ್ತಾರೆ. ಎದುರಿನಿಂದ ಇಳಿದು ಬರುವ ವಾಹನಕ್ಕೆ ಸರಿದುಕೊಳ್ಳಲು ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಹಾಗಾಗಿ ಇದನ್ನು ಸುರಕ್ಷತೆಯ ಪ್ರಶ್ನೆಯೆಂದು ನಾವು ಹೇಳುತ್ತಿರುವುದು ಅತಿಶಯೋಕ್ತಿಯಲ್ಲ.

ಇದೇ ಲಾರಿ ಉತ್ತರ ಕರ್ನಾಟಕದ ಬಯಲಿನಲ್ಲಿ ಇಷ್ಟೊಂದು ಕಾಡುತ್ತಿಲ್ಲ ಎಂದು ಅಲ್ಲಿಯ ಪರಿಚಿತ ಮಾಲೀಕರು ಹೇಳುತ್ತಾರೆ. ನಮ್ಮಲ್ಲಿಯೇ ಯಾಕೆ ಎಂಬುದಕ್ಕೆ ಉತ್ತರ ಸೆನ್ಸರಿನ ರಚನೆಯಲ್ಲಿದೆ. ಅದರ ಒಳಗಿರುವುದು ಜಿರ್ಕೋನಿಯಾ ಎಂಬ ಸೆರಾಮಿಕ್ ತುಂಡು, ಅದು ಕೆಲಸ ಮಾಡಬೇಕಾದರೆ ಒಳಗಿನ ಹೀಟರ್ ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಅಷ್ಟು ಕಾದ ಸೆರಾಮಿಕ್ಕಿಗೆ ಒಂದು ಹನಿ ನೀರು ತಾಗಿದರೂ ಬಿರುಕು ಬಿಡುತ್ತದೆ. ಕೊಳವೆಯೊಳಗಿನ ತೇವ ಆರಿದೆಯೆಂದು ಖಚಿತವಾಗುವವರೆಗೆ ಹೀಟರನ್ನು ಪೂರ್ತಿ ಕಾಯಿಸದಂತೆ ಕಂಪ್ಯೂಟರಿಗೆ ಹೇಳಿಕೊಟ್ಟಿರುತ್ತಾರೆ, ಆದರೆ ಆ ಖಚಿತತೆಯೂ ಒಂದು ಲೆಕ್ಕಾಚಾರವೇ ಹೊರತು ಕಣ್ಣಿಟ್ಟು ನೋಡಿದ್ದಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕರಾವಳಿಯಲ್ಲಿ, ಘಟ್ಟ ಇಳಿಯುವಷ್ಟು ಹೊತ್ತೂ ಎಕ್ಸಾಸ್ಟ್ ಬ್ರೇಕಿನ ಮೇಲೆ ಡೀಸೆಲ್ ಉರಿಯದೆ ತಣ್ಣಗಾಗುತ್ತ ಬಂದ ಸೈಲೆನ್ಸರ್, ಕೆಳಗೆ ಬಂದು ಬಂದರಿನ ಸಾಲಿನಲ್ಲಿ ಗಂಟೆಗಟ್ಟಲೆ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಮುಂದೆ ಸರಿಯುತ್ತ ನಿಂತಾಗ ಒಳಗೆ ಎಷ್ಟು ನೀರು ಕೂಡಿಕೊಂಡಿರುತ್ತದೆ ಎಂಬುದನ್ನು ಬಯಲಿನ ಟ್ರ್ಯಾಕಿನಲ್ಲಿ ಓಡಿಸಿ ನೋಡಿದವರಿಗೆ ಊಹಿಸಲಾಗಿಲ್ಲವೇನೋ. 164 ಕಿಲೋಮೀಟರಿನ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಗದದಲ್ಲಿಯೇ ಇರುವುದರಿಂದ ಈ ಘಟ್ಟದ ಸರಕೆಲ್ಲ ಲಾರಿಯ ಮೇಲೆಯೇ ಹತ್ತಿ ಇಳಿಯಬೇಕು. ಅಂದ ಮೇಲೆ ಇಲ್ಲಿ ಮಾರುವ ಲಾರಿ ಇಲ್ಲಿಯ ದಾರಿಗೆ ತಕ್ಕಂತಿರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಇನ್ನೊಂದು ದೋಷವನ್ನು ಕಂಡುಹಿಡಿದವರು ಅಂಕೋಲಾದ ಒಬ್ಬ ಹಳೆಯ ಫಿಟ್ಟರು. ಇಂಥ ಸೆನ್ಸರನ್ನು ಕೊಳವೆಯ ಮೇಲ್ಭಾಗದಲ್ಲಿ, ತುದಿ ಕೆಳಮುಖವಾಗಿರುವಂತೆ ಕೂರಿಸಬೇಕೆಂಬುದು ಸಾಮಾನ್ಯ ನಿಯಮ, ಏಕೆಂದರೆ ಹಾಗಿದ್ದರೆ ನೀರು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಈ ಮಾದರಿಯಲ್ಲಿ ಅದು ಬಹುತೇಕ ಅಡ್ಡಲಾಗಿ, ಕೊಳವೆಯ ನಡುಮಟ್ಟಕ್ಕಿಂತ ತುಸು ಕೆಳಗೇ ಕೂತಿದೆ. ಸಾಲದ್ದಕ್ಕೆ, ಸೆನ್ಸರಿಗೆ ತಂತಿಯಿಂದ ಜೋಡಿಸಿದ ಚಿಕ್ಕ ಪೆಟ್ಟಿಗೆಯನ್ನು ಹಿಂದಿನ ಚಕ್ರ ಕೆಸರುನೀರು ಎರಚುವ ಜಾಗದಲ್ಲಿಯೇ ಚಾಸಿಗೆ ಬಿಗಿದಿದ್ದಾರೆ. ಬಿಚ್ಚಿ ನೋಡಿದ ಹಲವು ಗಾಡಿಗಳಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿದ್ದವು.

ಸರ್ವಿಸ್ ಸೆಂಟರಿನ ವಿಷಯಕ್ಕೆ ಬಂದರೆ, ಅಲ್ಲಿಯ ಮೆಕ್ಯಾನಿಕ್ಕುಗಳ ಕೈಗೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಅಲ್ಲಿ ಪ್ರತಿ ಸಲ ಸಿಗುವ ವಿವರಣೆಯ ಬಗ್ಗೆ ಇಲ್ಲ. ಸೆನ್ಸರ್ ಬದಲಿಸುತ್ತಾರೆ, ಸ್ಕ್ಯಾನರ್ ಹಾಕಿ ಲೈಟು ಆರಿಸುತ್ತಾರೆ, ಜಾಬ್ ಕಾರ್ಡಿನಲ್ಲಿ, ಅಂದರೆ ದುರಸ್ತಿಯ ಚೀಟಿಯಲ್ಲಿ, ಒಂದು ಸಾಲು ಬರೆಯುತ್ತಾರೆ. ಯಾಕೆ ಹೋಯಿತೆಂದು ಕೇಳಿದರೆ, "ಸರ್, ನಿಮ್ಮ ಡ್ರೈವರುಗಳು ದಾರಿಯಲ್ಲಿ ಸಿಕ್ಕಿದ ಯೂರಿಯಾ ಹಾಕುತ್ತಾರೆ, ಅದೇ ಕಾರಣ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ನಲ್ಲಿನೀರು ಬೆರೆಸಿದ ಯೂರಿಯಾ ಹೆದ್ದಾರಿಯ ಬದಿಯಲ್ಲಿ ಮಾರಾಟವಾಗುವುದು ನಿಜ, ಅದರಲ್ಲಿರುವ ಸುಣ್ಣದಂಶ ಕ್ಯಾಟಲಿಸ್ಟನ್ನು ಹಾಳು ಮಾಡುವುದೂ ನಿಜ. ಆದ್ದರಿಂದಲೇ ನಾವು ಮಾಲೀಕರು ಸೇರಿ ದ್ರಾವಣದ ಸಾಂದ್ರತೆ ತೋರಿಸುವ ರಿಫ್ರಾಕ್ಟೋಮೀಟರ್ ಒಂದನ್ನು ಕೊಂಡು, ಟ್ಯಾಂಕಿಗೆ ಹಾಕುವ ಮೊದಲು ಮತ್ತು ಸೆನ್ಸರ್ ಹೋದ ದಿನ ಟ್ಯಾಂಕಿನಲ್ಲಿ ಉಳಿದದ್ದನ್ನು ಪರೀಕ್ಷಿಸಿ ಬರೆದಿಡತೊಡಗಿದೆವು. ಮಾನದಂಡದ ಪ್ರಕಾರ ಸಾಂದ್ರತೆ ಶೇ 31.8ರಿಂದ 33.2ರ ನಡುವೆ ಇರಬೇಕು. ಅದರೊಳಗೇ ಇದ್ದ, ಕಂಪನಿಯ ಅಧಿಕೃತ ಡಬ್ಬಿಯಿಂದಲೇ ತುಂಬಿದ ಗಾಡಿಗಳಲ್ಲಿಯೂ ಸೆನ್ಸರ್ ಹೋಯಿತು. ಸಾಂದ್ರತೆಯೊಂದರಿಂದ ಕಲಬೆರಕೆಯೆಲ್ಲ ಪತ್ತೆಯಾಗುವುದಿಲ್ಲವಾದರೂ, ಅಧಿಕೃತ ಡಬ್ಬಿಯ ಬಿಲ್ಲನ್ನು ಎದುರಿಗಿಟ್ಟ ಮೇಲೆ ಚಾಲಕನ ಮೇಲೆ ತಪ್ಪು ಹೊರಿಸುವ ಮಾತು ತಾನಾಗಿ ಕಡಿಮೆಯಾಯಿತು.

ನಿಜವಾದ ತಿರುವು ಬಂದದ್ದು ಜಾಬ್ ಕಾರ್ಡುಗಳನ್ನು ಒಂದೇ ಮೇಜಿನ ಮೇಲೆ ಹರಡಿದಾಗ. ಒಬ್ಬೊಬ್ಬರಾಗಿ ಹೋದಾಗ ಪ್ರತಿಯೊಬ್ಬರಿಗೂ "ಇದು ನಿಮ್ಮ ಗಾಡಿಯೊಂದರ ಸಮಸ್ಯೆ" ಎಂದೇ ಹೇಳಲಾಗಿತ್ತು. ಕಾರ್ಡುಗಳನ್ನು ಜೋಡಿಸಿದಾಗ ಒಂದೇ ಫಾಲ್ಟ್ ಕೋಡ್, ಒಂದೇ ಭಾಗದ ಸಂಖ್ಯೆ, ಹೆಚ್ಚಿನವು ಜೂನ್ ಮತ್ತು ಅಕ್ಟೋಬರ್ ನಡುವಿನ ತಾರೀಖುಗಳು. ಕೆಲವು ಕಡೆ ಹೊಸದಾಗಿ ಹಾಕಿದ ಸೆನ್ಸರೇ ಅದೇ ಮಳೆಗಾಲದಲ್ಲಿ ಮತ್ತೆ ಹೋಗಿತ್ತು. ಇಲ್ಲಿಯೇ ವಾರಂಟಿಯ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು: ಬದಲಿಸಿದ ಭಾಗಕ್ಕೆ ಪ್ರತ್ಯೇಕ ಅವಧಿಯಿಲ್ಲ, ಗಾಡಿಯ ಮೂಲ ವಾರಂಟಿಯಲ್ಲಿ ಉಳಿದ ದಿನಗಳಷ್ಟೇ ಅದಕ್ಕೂ ಅನ್ವಯ. ಅಂದರೆ ವಾರಂಟಿಯ ಕೊನೆಯ ತಿಂಗಳಲ್ಲಿ ಹಾಕಿದ ಸೆನ್ಸರ್ ಮರುತಿಂಗಳು ಹೋದರೆ ಹತ್ತಾರು ಸಾವಿರ ರೂಪಾಯಿ ಮಾಲೀಕನ ಕೈಯಿಂದಲೇ. ಬಾಡಿಗೆ ತಪ್ಪಿದ್ದು, ಬ್ಯಾಂಕಿನ ಕಂತು ನಿಲ್ಲದೆ ಓಡಿದ್ದು ಇದರ ಲೆಕ್ಕಕ್ಕೆ ಬರುವುದೇ ಇಲ್ಲ.

ಜಾಬ್ ಕಾರ್ಡುಗಳ ಪ್ರತಿ, ಯೂರಿಯಾ ಬಿಲ್ಲು ಮತ್ತು ಕನೆಕ್ಟರಿನ ಫೋಟೋಗಳೊಂದಿಗೆ ಎಲ್ಲರ ಸಹಿ ಹಾಕಿ ಕಂಪನಿಯ ಮುಖ್ಯ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದ ಪತ್ರದಲ್ಲಿ ನಾವು ಹೊಸ ಲಾರಿ ಕೇಳಲಿಲ್ಲ. ಸೆನ್ಸರ್ ಕೂರುವ ಜಾಗವನ್ನು ಮೇಲಕ್ಕೆ ಸರಿಸಬೇಕು, ಪೆಟ್ಟಿಗೆಯನ್ನು ನೀರು ತಾಗದೆಡೆಗೆ ಒಯ್ಯಬೇಕು, ಈ ಭಾಗವೊಂದಕ್ಕೆ ವಾರಂಟಿಯನ್ನು ವಿಸ್ತರಿಸಬೇಕು ಮತ್ತು ಕಾರವಾರದಲ್ಲಾಗಲಿ ಅಂಕೋಲಾದಲ್ಲಾಗಲಿ ದಾಸ್ತಾನು ಇಡಬೇಕು ಎಂದಷ್ಟೇ ಕೇಳಿದೆವು. ಸೆನ್ಸರಿಗಾಗಿ ತೆವಳುವ ಗಾಡಿಯನ್ನು ಅದೇ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ಯಬೇಕಾಗಿರುವುದು ಈಗಿನ ವಿಪರ್ಯಾಸ.

ಮೊದಲ ಉತ್ತರ ನಿರೀಕ್ಷಿಸಿದಂತೆ ಎರಡು ಸಾಲಿನದು: ನಿಮ್ಮ ಸಮೀಪದ ಡೀಲರನ್ನು ಸಂಪರ್ಕಿಸಿ. ಎರಡನೆಯ ಪತ್ರದಲ್ಲಿ ಮೋಟಾರು ವಾಹನ ಕಾಯ್ದೆಯ 110ಎ ಕಲಮನ್ನು ಉಲ್ಲೇಖಿಸಿದ ಮೇಲೆ ಧಾಟಿ ಬದಲಾಯಿತು. 2019ರ ತಿದ್ದುಪಡಿಯಲ್ಲಿ ಸೇರಿದ ಈ ಕಲಮಿನ ಪ್ರಕಾರ, ಪರಿಸರಕ್ಕಾಗಲಿ ರಸ್ತೆಯಲ್ಲಿರುವವರಿಗಾಗಲಿ ಹಾನಿ ತರಬಹುದಾದ ದೋಷ ಒಂದೇ ಮಾದರಿಯ ವಾಹನಗಳಲ್ಲಿ ಕಂಡುಬಂದು, ನಿಗದಿಯಾದ ಪ್ರಮಾಣದ ಮಾಲೀಕರು ದೂರು ಕೊಟ್ಟರೆ, ಆ ವಾಹನಗಳನ್ನು ವಾಪಸು ಕರೆಸಿ ಸರಿಪಡಿಸುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ಹೊಗೆ ಅಳೆಯುವ ಸಾಧನವೇ ಸುಳ್ಳು ಹೇಳತೊಡಗಿದರೆ ಅದು ಪರಿಸರದ ಪ್ರಶ್ನೆ, ಲಾರಿ ಘಟ್ಟದಲ್ಲಿ ನಿಂತರೆ ಅದು ರಸ್ತೆಯ ಪ್ರಶ್ನೆ. ಎರಡೂ ಕಾರಣಗಳು ನಮ್ಮಲ್ಲಿವೆ.

ಒಂಟಿ ಲಾರಿ ಇಟ್ಟುಕೊಂಡವರಿಗೆ ಇನ್ನೊಂದು ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂದಿದ್ದರೂ, ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡವರಿಗೆ ಆ ನಿರ್ಬಂಧವಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಒಂದೇ ಹಿತಾಸಕ್ತಿಯ ಹಲವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಂದೇ ದೂರನ್ನೂ ಸಲ್ಲಿಸಬಹುದು. ಕಾರಣ ಉಂಟಾದ ಎರಡು ವರ್ಷದೊಳಗೆ ಕೊಡಬೇಕೆಂಬುದನ್ನು ಮರೆಯಬಾರದು. ಸಾಲು ಸಾಲು ಗಾಡಿ ಇಟ್ಟಿರುವ ದೊಡ್ಡ ಮಾಲೀಕರಿಗೆ ಈ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ, ಆದರೂ ಅವರಲ್ಲಿ ಕೆಲವರು ನಮ್ಮ ಪತ್ರಕ್ಕೆ ಸಹಿ ಹಾಕಿದ್ದಾರೆ, ಅದಕ್ಕೆ ತೂಕವಿದೆ.

ಇದರ ನಡುವೆ, ಬೇರೊಂದು ನಕಲಿ ಪೆಟ್ಟಿಗೆ ಸಿಕ್ಕಿಸಿ ಕಂಪ್ಯೂಟರನ್ನು ನಂಬಿಸಿ, ಸೆನ್ಸರಿಲ್ಲದೆ, ಯೂರಿಯಾ ಇಲ್ಲದೆ ಗಾಡಿ ಓಡಿಸಿಕೊಡುತ್ತೇವೆಂದು ಬರುವವರಿದ್ದಾರೆ. ಅದು ಕಾನೂನುಬಾಹಿರ. ಅಷ್ಟೇ ಅಲ್ಲ, ಹಾಗೆ ಮಾಡಿಸಿದ ಗಾಡಿಯ ಮಾಲೀಕ ಕಂಪನಿಯ ಮುಂದೆ ಮಾತಾಡುವ ಹಕ್ಕನ್ನು ತಾನೇ ಕಳೆದುಕೊಳ್ಳುತ್ತಾನೆ. ನಮ್ಮ ಗುಂಪಿನಲ್ಲಿ ಅಂಥ ಗಾಡಿಯ ಜಾಬ್ ಕಾರ್ಡನ್ನು ಸೇರಿಸಿಕೊಂಡಿಲ್ಲ.

ಕಂಪನಿಯ ಎಂಜಿನಿಯರೊಬ್ಬರು ಬಂದು ಗಾಡಿಗಳನ್ನು ನೋಡಿ, ಕೆಟ್ಟ ಸೆನ್ಸರುಗಳನ್ನು ಒಯ್ದಿದ್ದಾರೆ. ಪೆಟ್ಟಿಗೆಯನ್ನು ಚಾಸಿಯ ಒಳಬದಿಗೆ ಸರಿಸುವ ಹೊಸ ಬ್ರಾಕೆಟ್ಟನ್ನು ಕೆಲವು ಲಾರಿಗಳಿಗೆ ಪುಕ್ಕಟೆ ಹಾಕಿಕೊಟ್ಟಿದ್ದಾರೆ. ಕನೆಕ್ಟರಿನ ತೊಂದರೆ ಅದರಿಂದ ನೀಗಬಹುದು. ಕೊಳವೆಯಲ್ಲಿ ಸೆನ್ಸರ್ ಕೂರುವ ಜಾಗದ ಬಗ್ಗೆ ಮಾತ್ರ ಲಿಖಿತ ಉತ್ತರ ಬಂದಿಲ್ಲ, ವಾರಂಟಿ ವಿಸ್ತರಣೆಗೆ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಪದ ಸಿಕ್ಕಿದೆ. ನನ್ನ ಮಟ್ಟಿಗೆ ಐದರಲ್ಲಿ ಲಾರಿಗೆ ನಾಲ್ಕು, ಕಂಪನಿಯ ಸ್ಪಂದನೆಗೆ ಎರಡು ಅಂಕ. ಈಗ ಇದೇ ಮಾದರಿಯನ್ನು ಕೊಳ್ಳಲು ಹೊರಟವರು ಕರಾವಳಿ ಮತ್ತು ಘಟ್ಟದ ಓಡಾಟವಿದ್ದರೆ ಮುಂಗಡ ಕೊಡುವ ಮೊದಲು ಹೊಸ ಬ್ರಾಕೆಟ್ಟು ಹಾಕಿದೆಯೇ ಎಂದು ಗಾಡಿಯ ಕೆಳಗೆ ಬಗ್ಗಿ ನೋಡಿ, ಬದಲಿಸಿದ ಸೆನ್ಸರಿಗೆ ಪ್ರತ್ಯೇಕ ವಾರಂಟಿ ಎಷ್ಟೆಂಬುದನ್ನು ಷೋರೂಮಿನ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ.