ಗೋಲ್ಡ್ ವಿಂಗ್‌ಗೆ ಕಾರಿನ ಟೈರ್, ಜೊತೆಗೆ ತುಮಕೂರಿನ ಶಿರಾ ಗೇಟ್ ಕಡೆಯ ಒಂದು ಟೈರ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಟೂರಿಂಗ್ ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರ್ ಹಾಕಬಹುದಾ? ಕೆಲವು ಗಾಡಿಗಳಿಗೆ ಕೂರುತ್ತದೆ, ಓಡುತ್ತದೆ, ಬೇಗ ಸವೆಯುವುದೂ ಇಲ್ಲ. ಹಾಕಿಸಿ ಅಂತ ನಾನು ಹೇಳುತ್ತೇನಾ? ಇಲ್ಲ. ಓಡಿಸಿ ನೋಡಿಯೇ ಹೇಳುತ್ತಿದ್ದೇನೆ.

ತಿಪಟೂರಿನಲ್ಲಿ ನನಗೆ ಅಣ್ಣನ ಹಾಗೆ ಇರುವವರೊಬ್ಬರಿದ್ದಾರೆ. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅವರ ಹತ್ತಿರ ಹೋಂಡಾ ಗೋಲ್ಡ್ ವಿಂಗ್ ಇದೆ. 1,832 ಸಿಸಿಯ ಆರು ಸಿಲಿಂಡರಿನ ಹಳೇ ಮಾದರಿ, ನಾನೂರು ಕೆ.ಜಿ. ದಾಟಿದ ಗಾಡಿ. ಮಂಡಿ ಆಪರೇಷನ್ ಆದ ಮೇಲೆ ಅಷ್ಟು ಭಾರವನ್ನು ಕಾಲೂರಿ ಹಿಡಿಯುವುದು ಅವರಿಗೆ ಕಷ್ಟವಾಯಿತು. "ನಿಂತಲ್ಲೇ ನಿಂತ್ರೆ ಕೆಟ್ಟೋಗುತ್ತೆ ಕಣಪ್ಪ, ತುಮಕೂರಿಗೆ ತಗೊಂಡೋಗಿ ಓಡಿಸ್ತಿರು" ಅಂದರು. ಮಳೆಗಾಲ ಮುಗಿಯುವ ತನಕ ಅದು ನಮ್ಮ ಮನೆ ಮುಂದೆಯೇ ಇತ್ತು.

ಆ ಗಾಡಿಯ ಹಿಂದೆ ಕಾರಿನ ಟೈರಿತ್ತು. ಅಣ್ಣ ಬೆಂಗಳೂರಿನಲ್ಲಿ ಹಾಕಿಸಿದ್ದರು. ಕಂಪನಿಯಿಂದ ಬಂದಿದ್ದು 180/60 ಆರ್ 16 ಬೈಕ್ ಟೈರ್. ಅಂದರೆ ಅಗಲ 180 ಮಿ.ಮೀ., ಟೈರಿನ ಎತ್ತರ ಆ ಅಗಲದ ನೂರಕ್ಕೆ 60 ಭಾಗ, ರಿಮ್ 16 ಇಂಚು. ಈಗ ಇರುವುದು 195/55 ಆರ್ 16. ಬಲೆನೊ, ಐ20 ಕಾರುಗಳ ದುಬಾರಿ ಮಾದರಿಗಳಿಗೆ ಬರುವ ಅಳತೆಯೇ ಇದು. ಹಾಗಾಗಿ ತುಮಕೂರಲ್ಲೇ ಯಾವ ಟೈರ್ ಅಂಗಡಿಗೆ ಹೋದರೂ ಸಿಗುತ್ತದೆ. ಬೈಕ್ ಟೈರಾದರೆ ಆರ್ಡರ್ ಕೊಟ್ಟು ಕಾಯಬೇಕು. ಬೆಲೆಯಲ್ಲೂ ಅರ್ಧಕ್ಕರ್ಧ ಅಂತರ.

ಇದೇ ಅಳತೆ ಯಾಕೆ ಅಂದರೆ ಲೆಕ್ಕ ಸುಲಭ. ಹದಿನಾರು ಇಂಚಿನ ರಿಮ್, ಮೇಲೆ ಕೆಳಗೆ ಟೈರಿನ ಎತ್ತರ ಸೇರಿಸಿ. ಬೈಕ್ ಟೈರಿನ ವ್ಯಾಸ ಸುಮಾರು 622 ಮಿ.ಮೀ. ಬರುತ್ತದೆ, ಕಾರಿನದು 621. ಸ್ಪೀಡೋಮೀಟರ್ ಆಗಲಿ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಆಗಲಿ ತಪ್ಪು ಲೆಕ್ಕ ಹಾಕುವುದಿಲ್ಲ. ಭಾರದ ವಿಷಯಕ್ಕೆ ಬಂದರೆ ಟೈರಿನ ಪಕ್ಕದಲ್ಲೇ ಬರೆದಿರುತ್ತಾರೆ. ಬೈಕ್ ಟೈರಿನ ಮೇಲೆ 74 ಅಂತ ಇದ್ದರೆ 375 ಕೆ.ಜಿ. ಹೊರಬಲ್ಲದು. ಕಾರಿನ ಟೈರಿನ ಮೇಲೆ 87 ಅಂತಿದೆ, ಅಂದರೆ 545 ಕೆ.ಜಿ. ಕಾರಿನ ಟೈರ್ ಹಾಕಿಸುವವರೆಲ್ಲ ಈ ನಂಬರನ್ನೇ ಮುಂದೆ ಇಡುತ್ತಾರೆ. ಡಬಲ್ಸ್, ಜೊತೆಗೆ ಮೂರು ಬಾಕ್ಸ್ ತುಂಬ ಸಾಮಾನು ಹಾಕಿಕೊಂಡು ಹೋಗುವವರಿಗೆ ಇದು ದೊಡ್ಡ ಸಮಾಧಾನ, ಸುಳ್ಳಲ್ಲ.

ನೆಟ್ಟಗಿನ ರಸ್ತೆಯಲ್ಲಿ ಈ ಟೈರ್ ನಿಜಕ್ಕೂ ಚೆನ್ನಾಗಿದೆ. ಕ್ಯಾತ್ಸಂದ್ರ ದಾಟಿ ಬೆಂಗಳೂರಿನ ಕಡೆಗೋ, ಈ ಕಡೆ ಶಿರಾ, ಹಿರಿಯೂರಿನ ಕಡೆಗೋ 48ನೇ ಹೆದ್ದಾರಿಯಲ್ಲಿ ಹೋಗುವಾಗ ಗಾಡಿ ಅಲ್ಲಾಡುವುದಿಲ್ಲ. ಲಾರಿ ಪಕ್ಕದಲ್ಲಿ ಹೋದಾಗ ಬೀಸುವ ಗಾಳಿಗೂ ಹಿಂಭಾಗ ಜಗ್ಗುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನೆಲ ಕಚ್ಚಿಕೊಂಡು ನಿಲ್ಲುತ್ತದೆ. ಬೈಕ್ ಟೈರು ಹೆದ್ದಾರಿಯಲ್ಲಿ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಅಂಚಿನ ಬಟನ್ (ನೆಲಕ್ಕೆ ತಾಗುವ ಉಬ್ಬು ರಬ್ಬರು) ಹೊಸದಾಗೇ ಉಳಿದಿರುತ್ತದೆ. ದುಡ್ಡು ಕೊಟ್ಟು ತಂದ ರಬ್ಬರಿನಲ್ಲಿ ಅರ್ಧ ಹಾಗೇ ಎಸೆಯಬೇಕು. ಕಾರಿನ ಟೈರಿಗೆ ಆ ಸಮಸ್ಯೆ ಇಲ್ಲ, ಪೂರ್ತಿ ಅಗಲ ಒಂದೇ ಸಮ ಸವೆಯುತ್ತದೆ. ಎರಡು ಮೂರು ಬೈಕ್ ಟೈರಿನ ಬಾಳಿಕೆ ಬರುತ್ತದೆ ಅಂತ ಅಣ್ಣ ಹೇಳುತ್ತಾರೆ. ಬಟನ್ ನೋಡಿದರೆ ನನಗೂ ಹಾಗೇ ಅನಿಸಿತು.

ಆದರೆ ಬೈಕು ತಿರುಗುವುದು ಹ್ಯಾಂಡಲಿನಿಂದ ಅಲ್ಲ, ವಾಲುವುದರಿಂದ. ಅದಕ್ಕೇ ಬೈಕ್ ಟೈರನ್ನು ದುಂಡಗೆ ಮಾಡಿರುತ್ತಾರೆ. ಎಷ್ಟು ವಾಲಿದರೂ ಅಷ್ಟೇ ಅಗಲದ ರಬ್ಬರು ನೆಲಕ್ಕೆ ತಾಗುತ್ತಾ ಹೋಗುತ್ತದೆ. ಕಾರಿನ ಟೈರ್ ಚಪ್ಪಟೆ. ರಾಗಿ ಅಳೆಯುವ ಸೇರನ್ನು ಅಡ್ಡ ಮಲಗಿಸಿ ಉರುಳಿಸಿದರೆ ನೆಟ್ಟಗೆ ಹೋಗುತ್ತದೆ, ತಿರುಗಿಸಬೇಕಾದರೆ ಅದನ್ನು ಅಂಚಿನ ಮೇಲೆ ಎತ್ತಬೇಕು. ಇಲ್ಲಿ ಆಗುವುದೂ ಅದೇ.

ಇದು ನನಗೆ ಸರಿಯಾಗಿ ಗೊತ್ತಾಗಿದ್ದು ದೇವರಾಯನದುರ್ಗದ ರಸ್ತೆಯಲ್ಲಿ. ನಾಮದ ಚಿಲುಮೆ ತನಕ ಏನೂ ತೊಂದರೆ ಇಲ್ಲ. ಬೆಟ್ಟ ಹತ್ತಲು ಶುರುವಾದ ಮೇಲೆ, ಎಡ ತಿರುವಿಗೆ ಎಡಗಡೆಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿದೆ. ವೇಗದಲ್ಲಿರುವಾಗ ಹೀಗೆ ಒತ್ತಿದರೇ ಗಾಡಿ ಎಡಕ್ಕೆ ವಾಲುವುದು. ಬೈಕ್ ಟೈರಾದರೆ ಒಂದು ಸಲ ಒತ್ತಿ ವಾಲಿಸಿದರೆ ಸಾಕು, ಗಾಡಿ ತಾನೇ ಆ ಗೆರೆ ಹಿಡಿದುಕೊಂಡು ಹೋಗುತ್ತದೆ. ಇದು ಹಾಗಲ್ಲ. ಒತ್ತಿಕೊಂಡೇ ಇರಬೇಕು. ಕೈ ಸ್ವಲ್ಪ ಸಡಿಲ ಮಾಡಿದರೆ ಗಾಡಿ ಎದ್ದು ನೆಟ್ಟಗಾಗಲು ನೋಡುತ್ತದೆ. ಎಡ ತಿರುವಿನಲ್ಲಿ ಗಾಡಿ ನೆಟ್ಟಗಾದರೆ ಎಲ್ಲಿಗೆ ಹೋಗುತ್ತದೆ? ಎದುರಿನಿಂದ ಬರುವ ವಾಹನದ ದಾರಿಗೆ. ಮುಂದಿನ ಟೈರ್ ದುಂಡಗಿದೆ, ಅದು ಸಲೀಸಾಗಿ ವಾಲುತ್ತದೆ. ಹಿಂದಿನದು ಬೇಡ ಅನ್ನುತ್ತದೆ. ಎರಡು ಚಕ್ರ ಎರಡು ಮಾತು ಹೇಳುವುದು ನಡುವೆ ಕೂತವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಬೆಟ್ಟ ಇಳಿಯುವಷ್ಟರಲ್ಲಿ ನನ್ನ ಎರಡೂ ಭುಜ ಹಿಡಿದುಕೊಂಡಿದ್ದವು.

ಇನ್ನೊಂದು, ರಸ್ತೆಯ ಮೇಲ್ಮೈ. ಗುಬ್ಬಿ ದಾಟಿ ಕೆ.ಬಿ. ಕ್ರಾಸ್ ಕಡೆ ಹೋಗುವಾಗ ಲಾರಿ ಚಕ್ರ ತುಳಿದು ಉದ್ದಕ್ಕೆ ಕಾಲುವೆ ಬಿದ್ದ ಹಾಗಿರುವ ಜಾಗಗಳು ಸಿಗುತ್ತವೆ. ರಸ್ತೆ ಅಂಚಿನಲ್ಲಿ ಡಾಂಬರು ಮೇಲೆ ಕೆಳಗೆ ಇರುತ್ತದೆ. ಚಪ್ಪಟೆ ಟೈರಿನ ಒಂದು ಅಂಚು ಎತ್ತರಕ್ಕೆ ಹತ್ತಿದರೆ ಸಾಕು, ಇಡೀ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಭ್ಯಾಸವಾದ ಮೇಲೆ ಕೈ ತಾನೇ ಸರಿಮಾಡಿಕೊಳ್ಳುತ್ತದೆ ಅಂತ ಅಣ್ಣ ಹೇಳುತ್ತಾರೆ. ಕತ್ತಲಲ್ಲಿ, ಮಳೆಯಲ್ಲಿ, ಎದುರು ಹೈ ಬೀಮ್ ಹೊಡೆಯುವಾಗ ಈ ತಳ್ಳಾಟ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನೀರು ನಿಂತ ಕಡೆ ಇನ್ನೂ ಎಚ್ಚರ ಬೇಕು. ದುಂಡು ಟೈರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಗಲದ ಚಪ್ಪಟೆ ಟೈರ್ ವೇಗ ಜಾಸ್ತಿಯಾದರೆ ನೀರಿನ ಮೇಲೆ ತೇಲುವ ಸಾಧ್ಯತೆ ಹೆಚ್ಚು.

ಗಾಳಿ ಹೆಚ್ಚು ಕಡಿಮೆ ಮಾಡಿಯೂ ನೋಡಿದೆ. ಕಡಿಮೆ ಮಾಡಿದರೆ ಸೀಟು ಮೆತ್ತಗಾಗುತ್ತದೆ, ಆದರೆ ತಿರುವಿನಲ್ಲಿ ಟೈರಿನ ಪಕ್ಕ ಮಡಚಿ ಹಿಂಭಾಗ ತೂಗಾಡುತ್ತದೆ. ಜಾಸ್ತಿ ಹಾಕಿದರೆ ನಡುಭಾಗ ಸ್ವಲ್ಪ ಉಬ್ಬಿ ತಿರುಗುವುದು ಸುಲಭವಾಗುತ್ತದೆ, ಪ್ರತಿ ಗುಂಡಿಯೂ ಬೆನ್ನಿಗೆ ಹೊಡೆಯುತ್ತದೆ. ಅಣ್ಣ 32 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ನಿಲ್ಲಿಸಿದ್ದಾರೆ. ನಾನೂ ಕೊನೆಗೆ ಅಲ್ಲಿಗೇ ಬಂದೆ.

ಈಗ ಅಂಗಡಿಯ ವಿಷಯ. ನನ್ನ ಸ್ವಂತ ಗಾಡಿ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಅದರ ಹಿಂದಿನ ಟೈರ್ ಬದಲಾಯಿಸುವ ಸಮಯ ಬಂದಿತ್ತು. ಅದೂ ಹದಿನಾರು ಇಂಚಿನ ರಿಮ್ಮೇ. ಶಿರಾ ಗೇಟ್ ಕಡೆಯ ಒಂದು ಹಳೇ ಟೈರ್ ಅಂಗಡಿಗೆ ಗೋಲ್ಡ್ ವಿಂಗ್‌ನಲ್ಲೇ ಹೋಗಿ, ಹೀಗೆ ನನ್ನ ಗಾಡಿಗೂ ಕಾರಿನ ಟೈರ್ ಹಾಕಬಹುದಾ ಅಂತ ಕೇಳಿದೆ. ಹುಡುಗರೆಲ್ಲ ಬಂದು ಗೋಲ್ಡ್ ವಿಂಗ್ ಸುತ್ತ ನಿಂತರು. ಅದರ ಹಿಂದಿನ ಚಕ್ರ ಒಂದೇ ಕಡೆಯ ತೋಳಿನ ಮೇಲೆ ನಿಂತಿದೆ, ಕಾರಿನ ಹಾಗೆ ಐದು ನಟ್ಟು. ಯಜಮಾನರು ಮಾತ್ರ ಕುಕ್ಕರಗಾಲಲ್ಲಿ ಕೂತು ಟೈರು ರಿಮ್ಮು ಸೇರುವ ಜಾಗದಲ್ಲಿ ಬೆರಳಾಡಿಸಿ ನೋಡಿದರು. ಆಮೇಲೆ ಎದ್ದು, "ಇದನ್ನ ನಾನಾಗಿದ್ರೆ ಹಾಕ್ಕೊಡ್ತಿರ್ಲಿಲ್ಲ ಸಾರ್" ಅಂದರು.

ಯಾಕೆ ಯಜಮಾನ್ರೇ ಅಂದದ್ದಕ್ಕೆ ಅವರು ಒಂದು ಕಾರಿನ ಟೈರ್ ಎಳೆದು ತಂದು ಒಳಅಂಚಿನ ತಂತಿ ಇರುವ ಭಾಗ ತೋರಿಸಿದರು. ಅದಕ್ಕೆ ಬೀಡ್ ಅನ್ನುತ್ತಾರೆ. ಬೈಕ್ ರಿಮ್ಮಿನ ಅಂಚಿನ ಆಕಾರ ಬೇರೆ, ಕಾರಿನ ರಿಮ್ಮಿನದು ಬೇರೆ. ಎರಡರ ಮೇಲೂ 16 ಅಂತ ಬರೆದಿದ್ದರೂ ಕೂರುವ ಜಾಗ ಒಂದೇ ಅಲ್ಲ. ಹಾಗಾಗಿ ಕಾರಿನ ಟೈರ್ ಬೈಕ್ ರಿಮ್ಮಿಗೆ ಬಿಗಿಯಾಗುತ್ತದೆ, ಸುಲಭವಾಗಿ ಕೂರುವುದಿಲ್ಲ. ಕೂರಿಸಲು ಗಾಳಿ ಏರಿಸುತ್ತಾ ಹೋಗಬೇಕು. ಬೀಡ್ ಕೂರಿಸುವಾಗ 40 ಪಿಎಸ್‌ಐ ದಾಟಬೇಡಿ ಅಂತ ಎಷ್ಟೋ ಕಾರ್ ಟೈರುಗಳ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ದಾಟಿದರೆ ಒಳಗಿನ ತಂತಿ ಹರಿದು ಟೈರ್ ಸಿಡಿಯಬಹುದು. ಪಕ್ಕದಲ್ಲಿ ನಿಂತವನ ಕೈಯೋ ಮುಖವೋ ಹೋಗುತ್ತದೆ. "ನನ್ನ ಹುಡುಗ್ರು ಅದರ ಮುಂದೆ ಕೂತಿರ್ತಾರೆ ಸಾರ್, ನಿಮ್ಮ ಹತ್ತು ಸಾವಿರ ಉಳಿಸಕ್ಕೆ ನಾನು ಅವರನ್ನ ಕೂರ್ಸಲ್ಲ" ಅಂದರು. ಈ ಮಾತಿಗೇ ನಾನು ಈ ಅಂಗಡಿಗೆ ಐದಕ್ಕೆ ಐದು ಕೊಡುತ್ತೇನೆ. ಸವಾರನ ಅಪಾಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಟೈರ್ ಹಾಕುವ ಹುಡುಗನ ಬಗ್ಗೆ ಯಾರೂ ಮಾತಾಡುವುದಿಲ್ಲ.

545 ಕೆ.ಜಿ. ಲೆಕ್ಕ ಹೇಳಿದೆ. "ಹೊರೋದು ಬೇರೆ, ವಾಲೋದು ಬೇರೆ" ಅಂದರು. ಅಷ್ಟೇ.

ನನ್ನ ಸೂಪರ್ ಮೀಟಿಯರ್‌ಗಂತೂ ಅದು ಆಗುವ ಮಾತೇ ಅಲ್ಲ. ಮಾರನೇ ದಿನ ಆ ಗಾಡಿ ತಗೊಂಡು ಹೋದಾಗ ಅಳೆದೇ ತೋರಿಸಿದರು. ಅದರ ಹಿಂದಿನ ಟೈರ್ 150/80, ವ್ಯಾಸ ಸುಮಾರು 646 ಮಿ.ಮೀ. ಅದರ ಹತ್ತಿರಕ್ಕೆ ಬರುವ ಕಾರಿನ ಟೈರುಗಳಲ್ಲಿ ಒಂದು 205/60 ಆರ್ 16. ಐವತ್ತೈದು ಮಿ.ಮೀ. ಹೆಚ್ಚು ಅಗಲ. ಚೈನಿನ ಪಕ್ಕ ಅಷ್ಟು ಜಾಗ ಎಲ್ಲಿದೆ?

ಹಾಗಾಗಿ ಬೈಕಿನ ಟೈರೇ ಹಾಕಿಸಿದೆ. ಕೆಲಸ ಮಾಡಿದ ರೀತಿ ಬರೆಯಲೇಬೇಕು. ಎಷ್ಟೋ ಕಡೆ ಅಲಾಯ್ ರಿಮ್ಮಿಗೆ ಬರೀ ಲಿವರ್ ಹಾಕಿ ಮೀಟಿ ಗೀರು ಮಾಡಿ ಕೊಡುತ್ತಾರೆ. ಇಲ್ಲಿ ರಿಮ್ಮಿನ ಅಂಚಿಗೆ ಪ್ಲಾಸ್ಟಿಕ್ ತುಂಡು ಕೂರಿಸಿ, ಸೋಪಿನ ನೀರು ಹಚ್ಚಿ ನಿಧಾನಕ್ಕೆ ಏರಿಸಿದರು. ಹಳೇ ವಾಲ್ವ್ ಕಿತ್ತು ಹೊಸದು ಹಾಕಿದರು. ಟೈರಿನ ಮೇಲಿನ ಬಣ್ಣದ ಚುಕ್ಕೆ ವಾಲ್ವಿನ ನೇರಕ್ಕೆ ಬರುವ ಹಾಗೆ ತಿರುಗಿಸಿಕೊಂಡರು. ಟೈರಿನ ಹಗುರ ಜಾಗ ಅದು, ವಾಲ್ವಿನ ಭಾರ ಅಲ್ಲಿಗೆ ಬಂದರೆ ಬ್ಯಾಲೆನ್ಸ್ ಸುಲಭ. ಗಾಳಿ ತುಂಬಿದಾಗ ಠಪ್ ಠಪ್ ಅಂತ ಎರಡು ಸದ್ದು ಬಂತು, ಎರಡೂ ಕಡೆಯ ಬೀಡ್ ರಿಮ್ಮಿಗೆ ಕೂತ ಸದ್ದು. ಅಷ್ಟಕ್ಕೇ ಬಿಡದೆ ಹುಡುಗ ಚಕ್ರ ತಿರುಗಿಸುತ್ತಾ, ರಿಮ್ಮಿನ ಪಕ್ಕದಲ್ಲಿ ಟೈರಿನ ಗೆರೆ ಸುತ್ತಲೂ ಒಂದೇ ಸಮ ಕಾಣುತ್ತದಾ ಅಂತ ಎರಡೂ ಕಡೆ ನೋಡಿದ. ಆಮೇಲೆ ಸ್ಟ್ಯಾಂಡಿನಲ್ಲಿ ಇಟ್ಟು ಬ್ಯಾಲೆನ್ಸ್ ಮಾಡಿ ತೂಕ ಅಂಟಿಸಿದ. ಚಕ್ರ ವಾಪಸ್ ಕೂರಿಸುವಾಗ ಚೈನ್ ಟೆನ್ಷನ್ ಹಿಡಿದು, ಎರಡೂ ಕಡೆಯ ಗುರುತು ಸರಿಯಾಗಿದೆಯಾ ಅಂತ ನನಗೇ ತೋರಿಸಿದ. ಹೊಸ ಟೈರ್ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿ.ಮೀ. ಜಾಸ್ತಿ ವಾಲಿಸಬೇಡಿ ಅಂತ ಹೇಳಿ ಕಳಿಸಿದರು.

ಟೈರ್ ತಯಾರಾದ ತಾರೀಖು ನೋಡುವುದನ್ನು ಮರೆಯಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3224 ಅಂತಿದ್ದರೆ 2024ರ 32ನೇ ವಾರ. ಇಲ್ಲಿ ನಾನು ಕೇಳುವ ಮೊದಲೇ ತೋರಿಸಿದರು.

ಹೆದ್ದಾರಿ ಸವಾರಿಯೇ ಜಾಸ್ತಿ ಅನ್ನುವವರಿಗೆ ಬೈಕ್ ಟೈರಲ್ಲೇ ಇನ್ನೊಂದು ದಾರಿ ಇದೆ. ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆದು ರಬ್ಬರ್ ಇರುವ ಟೂರಿಂಗ್ ಟೈರ್ ಬರುತ್ತವೆ. ನಿಮ್ಮ ಅಳತೆಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ನಡುಭಾಗ ಬೇಗ ಚಪ್ಪಟೆಯಾಗುವ ಗೋಳಿಗೆ ಅದು ಸರಿಯಾದ ಉತ್ತರ.

ಕಾನೂನಿನ ಮಾತೂ ಇದೆ. ನಮ್ಮಲ್ಲಿ ದ್ವಿಚಕ್ರ ವಾಹನದ ಟೈರಿಗೆ ಐಎಸ್ 15627, ಕಾರಿನ ಟೈರಿಗೆ ಐಎಸ್ 15633 ಅಂತ ಬೇರೆ ಬೇರೆ ಮಾನದಂಡ. ಕಾರಿನ ಟೈರನ್ನು ಯಾರೂ ಬೈಕಿನಲ್ಲಿ ಪರೀಕ್ಷೆ ಮಾಡಿ ಪಾಸು ಮಾಡಿಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೈ ಇಡುವುದು ಇಲ್ಲೇ. ಅಣ್ಣನಿಗೂ ಇದನ್ನು ಹೇಳಿದ್ದೇನೆ. ಅವರು ಓಡಾಡುವುದು ಅತ್ತಿಗೆಯನ್ನು ಕೂರಿಸಿಕೊಂಡು ತಿಪಟೂರಿನಿಂದ ಬೆಂಗಳೂರಿಗೆ, ನಿಧಾನವಾಗಿ. ಟೈರ್ ಬದಲಾಯಿಸುವ ಮನಸ್ಸು ಅವರಿಗಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಶಿರಾಡಿ ಘಾಟ್ ಕಡೆ ಮಾತ್ರ ಈ ಟೈರಿನಲ್ಲಿ ಹೋಗಬೇಡಿ ಅಂತ ಕೇಳಿಕೊಂಡಿದ್ದೇನೆ, ಅದಕ್ಕೆ ಒಪ್ಪಿದ್ದಾರೆ.

ಅಂಗಡಿಗೆ ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಬೇಗ ಹೋಗಿ, ಹೊತ್ತಾದರೆ ಲಾರಿಗಳ ಸಾಲು ಇರುತ್ತದೆ, ಬೈಕಿನವರು ಕಾಯಬೇಕು. ಕೂರಲು ನೆರಳಿಲ್ಲ. ಗಾಡಿ ನಿಲ್ಲಿಸಲು ಜಾಗವೂ ಕಡಿಮೆ, ದೊಡ್ಡ ಗಾಡಿಯಾದರೆ ಹಿಂದಕ್ಕೆ ತಳ್ಳಲು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ದೊಡ್ಡ ಬೈಕಿನ ಟೈರ್ ಸ್ಟಾಕ್ ಇಡುವುದಿಲ್ಲ. ಅಳತೆ ಬರೆದುಕೊಟ್ಟು ಸ್ವಲ್ಪ ಅಡ್ವಾನ್ಸ್ ಕೊಟ್ಟರೆ ತರಿಸಿಕೊಡುತ್ತಾರೆ.