ಪಿಇ ಅನುಪಾತ: ಒಂದು ವರ್ಷದ ಗಳಿಕೆಯೋ, ಹತ್ತು ವರ್ಷಗಳ ಸರಾಸರಿಯೋ?

ಷೇರಿನ ಬೆಲೆ ಪ್ರತಿ ಷೇರಿನ ಗಳಿಕೆಯ (ಲಾಭದ) ಎಷ್ಟು ಪಟ್ಟಿದೆ ಎಂಬುದೇ ಪಿಇ ಅನುಪಾತ; ಅದು ಕಡಿಮೆಯಿದ್ದರೆ ಷೇರು ಅಗ್ಗವೆಂದೂ ಹೆಚ್ಚಿದ್ದರೆ ದುಬಾರಿಯೆಂದೂ ಸಾಮಾನ್ಯವಾಗಿ ಭಾವಿಸುತ್ತಾರೆ. ಕಂಪನಿಯೊಂದರ ಪಿಇ ಏರಿಳಿತವನ್ನು ದೀರ್ಘಕಾಲ ಗಮನಿಸಬಯಸುವವರು ಷೇರಿನ ಬೆಲೆಯನ್ನು ಕಳೆದ 12 ತಿಂಗಳ ಗಳಿಕೆಯಿಂದ ಭಾಗಿಸಬಹುದು, ಇಲ್ಲವೇ ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಅಮೆರಿಕದ ಮಾರುಕಟ್ಟೆಗೆ ಮಾಡಿದಂತೆ, ಹಣದುಬ್ಬರಕ್ಕೆ ಹೊಂದಿಸಿದ 10 ವರ್ಷಗಳ ಸರಾಸರಿ ಗಳಿಕೆಯಿಂದ ಭಾಗಿಸಬಹುದು.

ಸೋಪು, ಟೂತ್‌ಪೇಸ್ಟ್ ಮಾರುವ, ಲಾಭ ಅಷ್ಟಾಗಿ ಏರುಪೇರಾಗದ ಕಂಪನಿಗೆ ಮೊದಲ ವಿಧಾನವೇ ಸಾಕು. ಉಕ್ಕಿನಂತಹ ಉದ್ಯಮದಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಟಾಟಾ ಸ್ಟೀಲ್ 2021-22ರಲ್ಲಿ 41,000 ಕೋಟಿ ರೂಪಾಯಿಗೂ ಹೆಚ್ಚು ಲಾಭ ಗಳಿಸಿದಾಗ, ಆ ಮಾರ್ಚ್ ಅಂತ್ಯದ ಬೆಲೆಗೆ ಪಿಇ ಸುಮಾರು 4 ಇತ್ತು. ಮರುವರ್ಷ ಲಾಭ 8,000 ಕೋಟಿಯ ಆಸುಪಾಸಿಗೆ ಕುಸಿಯಿತು. ಷೇರು ವಿಭಜನೆಯನ್ನು (ಒಂದು ಷೇರನ್ನು ಹಲವು ಸಣ್ಣ ಷೇರುಗಳಾಗಿ ಒಡೆಯುವುದನ್ನು) ಲೆಕ್ಕಕ್ಕೆ ತೆಗೆದುಕೊಂಡರೆ ಬೆಲೆಯೂ ಇಳಿದಿತ್ತು, ಆದರೂ ಪಿಇ 14 ದಾಟಿತು. ಅಗ್ಗವೆಂದು ಕಂಡದ್ದು ಲಾಭದ ಶಿಖರ, ದುಬಾರಿಯೆಂದು ಕಂಡದ್ದು ಅದರ ಇಳಿಜಾರು. ಇಂತಹ ಕಂಪನಿಗೆ ನಾನು ನಿಸ್ಸಂಶಯವಾಗಿ ಸರಾಸರಿಯನ್ನೇ ಆರಿಸುತ್ತೇನೆ.

ವೇಗವಾಗಿ ಬೆಳೆಯುತ್ತಿರುವ ಕಂಪನಿಗೆ ಸರಾಸರಿ ಹೊಂದುವುದಿಲ್ಲ, ಏಕೆಂದರೆ ಹತ್ತು ವರ್ಷ ಹಿಂದಿನ ಪುಟ್ಟ ಗಳಿಕೆ ಇಂದಿನ ಶಕ್ತಿಯನ್ನು ಮರೆಮಾಡುತ್ತದೆ.

ಯಾವುದನ್ನು ಆರಿಸಿದರೂ ಗಳಿಕೆಯ ಮೂಲ ಒಂದೇ ಆಗಿರಬೇಕು. 2021ರ ಮಾರ್ಚ್ 31ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ, ಕಂಪನಿಗಳ ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಗಳಿಕೆಗೆ ಬದಲಾದಾಗ, ಅದರ ಪ್ರಮುಖ ಸೂಚ್ಯಂಕ ನಿಫ್ಟಿಯ ಪಿಇ ಒಂದೇ ದಿನದಲ್ಲಿ ಸುಮಾರು 40ರಿಂದ 33ಕ್ಕೆ ಇಳಿಯಿತು. ಆದ್ದರಿಂದ ಆ ದಿನಾಂಕದ ಹಿಂದುಮುಂದಿನ ಅಂಕಿಗಳನ್ನು ನೇರವಾಗಿ ಹೋಲಿಸಬಾರದು.